'ಫನ್ನಿ' ಅಂದ್ರೆ ನಗು ಅಂದುಕೊಂಡಿದ್ದೆ

2015ರ ಜನವರಿ. ಬೆಳಗ್ಗೆ ಏಳೂಕಾಲು ಆಗಿರಬೇಕು. ದಕ್ಷಿಣ ಗೋವಾದ ಬಾಣಾವಲಿಯಲ್ಲಿ ಒಂದು ಸಣ್ಣ ಗೆಸ್ಟ್‌ಹೌಸಿನ ರಿಸೆಪ್ಶನ್‌ನಲ್ಲಿ ಕೂತು ಹಿಂದಿನ ದಿನದ ಬಿಲ್ಲುಗಳನ್ನು ರಿಜಿಸ್ಟರಿಗೆ ಬರೆಯುತ್ತಿದ್ದೆ. ಮೇಲಿನ ರೂಮಿನ ಇಂಗ್ಲಿಷ್ ಅಜ್ಜಿ ಮೆಟ್ಟಿಲು ಇಳಿದು ಬಂದರು. ಮೇಜಿನ ಅಂಚು ಹಿಡಿದು ನಿಂತು, "ಮೈ ಹಸ್ಬೆಂಡ್ಸ್ ಹ್ಯಾಡ್ ಎ ಬಿಟ್ ಆಫ್ ಎ ಫನ್ನಿ ಟರ್ನ್, ಲವ್" ಅಂದರು.

ಅದರಲ್ಲಿ ನನಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ. ಹಸ್ಬೆಂಡ್ ಗೊತ್ತು. ಫನ್ನಿ ಗೊತ್ತು. ಟರ್ನ್ ಗೊತ್ತು. ಅಜ್ಜ ಏನೋ ತಮಾಷೆ ಮಾಡಿದ್ದಾರೆ ಅಂದುಕೊಂಡು ನಕ್ಕೆ. "ಓಕೆ ಮೇಡಂ, ವೆರಿ ನೈಸ್" ಅಂದು ಮತ್ತೆ ಬಿಲ್ಲಿಗೆ ಕೈ ಹಾಕಿದೆ.

ಆ ಬೆಳಗ್ಗೆ ಮುಂದೇನಾಯಿತು ಅನ್ನೋದನ್ನು ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಇಂಗ್ಲಿಷ್ ಎಲ್ಲಿಂದ ಬಂತು ಅಂತ ಹೇಳಬೇಕು.

ಅಪ್ಪ ಗಾರೆ ಕೆಲಸಕ್ಕೆ ಹಾವೇರಿ ಕಡೆಯಿಂದ ವಾಸ್ಕೋಕ್ಕೆ ಬಂದವರು. ಆ ಕಾಲಕ್ಕೆ ಊರಿನಿಂದ ಎಷ್ಟೋ ಜನ ಹೀಗೆ ಬಂದರು, ಈಗಲೂ ಬರುತ್ತಿದ್ದಾರೆ. ನಾನು ಓದಿದ್ದು ಅಲ್ಲಿಯ ಕನ್ನಡ ಶಾಲೆಯಲ್ಲಿ. ಹೈಸ್ಕೂಲಿಗೆ ಹೋದ ಮೇಲೆ ಇಂಗ್ಲಿಷ್, ಬೀದಿಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಹಿಂದಿ, ಮನೆಯಲ್ಲಿ ನಮ್ಮ ಮಾತು. ಹೀಗೆ ಬೆಳೆದವರಿಗೆ ಹೊಸ ಪದ ಅಂದ್ರೆ ಭಯ ಇರೋದಿಲ್ಲ. ದಿನಕ್ಕೆ ಹತ್ತು ಹೊಸ ಪದ ಕಿವಿಗೆ ಬೀಳುತ್ತವೆ, ಕೇಳಿ ತಿಳಿದುಕೊಳ್ಳುತ್ತೇವೆ. ನಾನು ಮೋಸ ಹೋಗಿದ್ದೆಲ್ಲ ಗೊತ್ತಿರೋ ಪದಗಳಿಂದ.

ಮೊದಲನೇ ಸಲ ಹಾಗಾದದ್ದು ಇಂಗ್ಲಿಷಿನಲ್ಲೇ ಅಲ್ಲ. ಆಗ ನನಗೆ ಎಂಟು ವರ್ಷ. ನಲ್ಲಿಯ ಹತ್ತಿರ ಜಗಳ ಆಗಿ ಒಬ್ಬ ಹುಡುಗಿ ನನ್ನನ್ನು "ಘಾಂಟಿ" ಅಂದಳು. ನನಗೆ ಹಿಂದಿಯ ಘಂಟಿ ಗೊತ್ತಿತ್ತು, ಶಾಲೆಯ ಗಂಟೆ. ನಾನು ಜಾಸ್ತಿ ಮಾತಾಡುತ್ತೇನೆ ಅಂತ ಗಂಟೆ ಅಂತಾಳೆ ಅಂದುಕೊಂಡು ಖುಷಿಯಿಂದ ಮನೆಗೆ ಬಂದು ಹೇಳಿದೆ. ಅಪ್ಪ ಊಟ ಮಾಡುತ್ತಿದ್ದರು. ತುತ್ತು ಕೈಯಲ್ಲೇ ಉಳಿಯಿತು. "ಅದು ಗಂಟಿ ಅಲ್ಲವಾ. ಘಟ್ಟದ ಮ್ಯಾಲಿಂದ ಬಂದೋರಿಗೆ ಇಲ್ಲಿ ಹಂಗ ಅಂತಾರ" ಅಂದರು. ಅಷ್ಟೇ ಹೇಳಿದರು. ಘಟ್ಟ ಅನ್ನೋದು ಬೈಗುಳ ಅಲ್ಲವಲ್ಲ, ಮತ್ಯಾಕೆ ಅಪ್ಪನ ಮುಖ ಹಾಗಾಯಿತು ಅಂತ ಬಹಳ ದಿನ ಯೋಚಿಸಿದ್ದೆ. ಆಡುಮಾತಿನಲ್ಲಿ ಪದದ ಅರ್ಥ ಬೇರೆ, ಅದು ಹೋಗಿ ತಾಗುವ ಜಾಗ ಬೇರೆ. ಅದೇ ವಾಸ್ಕೋದಲ್ಲಿ ಮೀನು ಮಾರುವವರು ಅಪ್ಪನನ್ನು "ಕಿತೆಂ ಪಾತ್ರಾಂವ್" ಅಂತ ಕರೆಯುತ್ತಿದ್ದರು. ಪಾತ್ರಾಂವ್ ಅಂದ್ರೆ ಯಜಮಾನ, ಪೋರ್ಚುಗೀಸಿನಿಂದ ಕೊಂಕಣಿಗೆ ಬಂದ ಪದ. ಗಾರೆ ಕೆಲಸದವನನ್ನು ಯಜಮಾನ ಅಂದ್ರೆ ಅದೂ ಪ್ರೀತಿಯ ಮಾತೇ.

2011ರಲ್ಲಿ ಗೆಸ್ಟ್‌ಹೌಸಿಗೆ ಸೇರಿದೆ. ಆಗ ಬ್ರಿಟನ್ನಿನಿಂದ ದಾಬೋಳಿಗೆ ಚಾರ್ಟರ್ ವಿಮಾನಗಳು ಚೆನ್ನಾಗಿ ಬರುತ್ತಿದ್ದವು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಸೀಸನ್. ನಮ್ಮಲ್ಲಿಗೆ ಬರುತ್ತಿದ್ದವರು ಹೆಚ್ಚಿನವರು ನಿವೃತ್ತರು. ಎರಡು ವಾರ, ನಾಲ್ಕು ವಾರ ಇರುತ್ತಿದ್ದರು. ಬಸ್ ಡ್ರೈವರ್ ಆಗಿದ್ದವರು, ನರ್ಸ್ ಆಗಿದ್ದವರು, ಗಣಿಯಲ್ಲಿ ದುಡಿದವರು. ನಾನು ಪುಸ್ತಕದಲ್ಲಿ ಕಲಿತ ಇಂಗ್ಲಿಷನ್ನು ಅವರಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಸೇರಿದ ಮೊದಲ ವಾರ. ಎಪ್ಪತ್ತು ದಾಟಿದ ಒಬ್ಬರಿಗೆ ಬೀಗದ ಕೈ ಕೊಟ್ಟೆ. "ಥ್ಯಾಂಕ್ಯೂ, ಲವ್" ಅಂದರು. ನನ್ನ ಕೈ ತಣ್ಣಗಾಯಿತು. ಇಪ್ಪತ್ತೊಂದು ವರ್ಷದ ಹುಡುಗಿಗೆ ಗೊತ್ತಿದ್ದ ಲವ್ ಸಿನಿಮಾದ ಲವ್. ಸಂಜೆ ಅವ್ವನಿಗೆ ಹೇಳಿದೆ, ಅವ್ವ ಅಪ್ಪನಿಗೆ ಹೇಳಿದರು. "ಆ ಕೆಲಸ ಸಾಕು ಬಿಡವಾ" ಅಂತ ಅಪ್ಪ ಅಂದೇಬಿಟ್ಟರು. ಮರುದಿನ ಕೆಲಸ ಬಿಡೋಕೆ ಹೋದಾಗ ಮಾಲಕಿ ಆಂಟಿ ಕೂರಿಸಿಕೊಂಡು ತಿಳಿಸಿ ಹೇಳಿದರು. ಅಲ್ಲಿ ಅಂಗಡಿಯವರು, ಬಸ್ಸಿನವರು, ಗಂಡಸರು, ಹೆಂಗಸರು ಎಲ್ಲರೂ ಎಲ್ಲರಿಗೂ ಹಾಗೇ ಅಂತಾರಂತೆ. ಆಮೇಲೆ ನಾನೇ ಕೇಳಿ ಕೇಳಿ ಕಲಿತೆ. ಡರ್ಬಿ, ನಾಟಿಂಗ್‌ಹ್ಯಾಮ್, ಸ್ಟೋಕ್ ಕಡೆಯವರು "ಡಕ್" ಅಂತಾರೆ. ಬಾತುಕೋಳಿ. ನ್ಯೂಕಾಸಲ್‌ನವರು "ಪೆಟ್". ಗ್ಲಾಸ್ಗೋದವರು ಹೆಂಗಸರನ್ನು "ಹೆನ್" ಅಂತಾರೆ, ಹೇಂಟೆ ಕೋಳಿ. ಯಾರ ಊರು ಯಾವುದು ಅಂತ ಪಾಸ್‌ಪೋರ್ಟ್ ನೋಡುವ ಮೊದಲೇ ಇದರಿಂದ ಹೇಳಬಹುದಿತ್ತು.

ಇದನ್ನು ಅಪ್ಪನಿಗೆ ಅರ್ಥ ಮಾಡಿಸಿದ್ದು ಹೇಗೆ ಗೊತ್ತಾ? ಹುಬ್ಬಳ್ಳಿ ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜ ಐದು ವರ್ಷದ ಹುಡುಗಿಗೆ "ಏನ್ ಬೇಕ ಯವ್ವಾ?" ಅಂತಾನಲ್ಲ, ಆ ಹುಡುಗಿ ಏನು ಅವನ ತಾಯಿಯಾ? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಹೋಗು" ಅಂದರು.

ಇನ್ನೊಂದು ಪದ ಟೀ. ಯಾರ್ಕ್‌ಷೈರಿನ ಗಂಡ ಹೆಂಡತಿ ಬಂದ ದಿನ "ವಾಟ್ ಟೈಮ್ಸ್ ಟೀ?" ಅಂತ ಕೇಳಿದರು. "ಎನಿ ಟೈಮ್ ಮೇಡಂ" ಅಂದೆ. ಚಹಾ ತಾನೇ, ಯಾವಾಗ ಬೇಕಾದರೂ ಮಾಡಿಕೊಡಬಹುದು. ಸಂಜೆ ಆರಕ್ಕೆ ಇಬ್ಬರೂ ಸ್ನಾನ ಮಾಡಿ, ತಲೆ ಬಾಚಿ ಟೇಬಲ್ಲಿಗೆ ಬಂದು ಕೂತರು. ಚಹಾ ಕೊಟ್ಟೆವು. ಕುಡಿದು ಕೂತೇ ಇದ್ದರು. ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಊಟ ಡಿನ್ನರ್, ಸಂಜೆಯ ಊಟ ಟೀ. ಅವರಿಗೆ ಹಸಿವಾಗಿತ್ತು, ನಮ್ಮ ಅಡುಗೆಮನೆಯಲ್ಲಿ ಇನ್ನೂ ಒಲೆ ಹಚ್ಚಿರಲಿಲ್ಲ. ಪಾಪ, ಏಳೂವರೆವರೆಗೆ ಒಂದು ಮಾತು ಎತ್ತಲಿಲ್ಲ.

"ಆಲ್‌ರೈಟ್?" ಅಂತ ಕೇಳುತ್ತಾ ದಾಟಿ ಹೋಗುತ್ತಿದ್ದವರಿಗೆ ನಾನು ನಿಂತು ಉತ್ತರ ಕೊಡುತ್ತಿದ್ದೆ. ಹೋದ ವಾರ ಜ್ವರ ಇತ್ತು, ಈಗ ಪರವಾಗಿಲ್ಲ ಅಂತ. ಅವರು ಅಷ್ಟರಲ್ಲಿ ಗೇಟು ದಾಟಿರುತ್ತಿದ್ದರು. ಮೊದಮೊದಲು ಬೇಜಾರಾಗುತ್ತಿತ್ತು. ನಾವು "ಊಟ ಆತೇನ್ರಿ?" ಅನ್ನೋದೂ ಹಾಗೇ ಅಲ್ವಾ? ಆಗಿಲ್ಲ ಅಂದ ತಕ್ಷಣ ತಟ್ಟೆ ಹಾಕುತ್ತೇವಾ?

ಅಡುಗೆಯವನು ಮುಂಡಗೋಡಿನ ಹುಡುಗ. ಅವನ ಮೀನು ಸಾರು ತಿಂದು ಒಬ್ಬರು "ನಾಟ್ ಬ್ಯಾಡ್ ಅಟ್ ಆಲ್" ಅಂದರು ಅಂತ ಅವನು ರಾತ್ರಿಯೆಲ್ಲ ಮುಖ ಸಣ್ಣದು ಮಾಡಿಕೊಂಡಿದ್ದ. ಬ್ಯಾಡ್ ಅನ್ನೋದಷ್ಟೇ ಅವನ ಕಿವಿಗೆ ಬಿದ್ದಿತ್ತು. ಇಂಗ್ಲೆಂಡಿನವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಅದೇ ಅವರು "ಕ್ವೈಟ್ ಗುಡ್" ಅಂದ್ರೆ ಎಷ್ಟೋ ಸಲ "ಪರವಾಗಿಲ್ಲ, ಸುಮಾರಾಗಿದೆ" ಅಂತ. ಅಮೆರಿಕದವರು ಅದನ್ನೇ ಅಂದ್ರೆ ನಿಜವಾಗಿಯೂ ಚೆನ್ನಾಗಿದೆ ಅಂತ. ಒಂದೇ ಭಾಷೆ, ಎರಡು ಅಳತೆ. ಆಸ್ಟ್ರೇಲಿಯಾದ ಒಬ್ಬ ಹುಡುಗ ತನ್ನ ಥಾಂಗ್ಸ್ ಕಾಣುತ್ತಿಲ್ಲ ಅಂತ ನನ್ನ ಹತ್ತಿರ ಬಂದಾಗ ನಾನು ತಲೆ ತಗ್ಗಿಸಿ ಒಳಗೆ ಹೋಗಿಬಿಟ್ಟಿದ್ದೆ. ಬ್ರಿಟನ್ನಿನವರಿಗೆ ಅದು ಒಳ ಉಡುಪು. ಅವನು ಹುಡುಕುತ್ತಿದ್ದದ್ದು ಹವಾಯಿ ಚಪ್ಪಲಿ.

ಇವೆಲ್ಲ ಸಣ್ಣ ಸಂಗತಿಗಳು. ಒಂದು ಹೊತ್ತಿನ ಊಟ ತಡ ಆಗುತ್ತದೆ, ಒಂದು ಜೊತೆ ಚಪ್ಪಲಿ ಸಿಗೋದಿಲ್ಲ. ಅದಕ್ಕೇ ನಾನು ಎಚ್ಚರ ಆಗಿರಲಿಲ್ಲ. ತಿಳಿಯದಿದ್ದಾಗ ನಕ್ಕು "ಓಕೆ" ಅನ್ನೋದು ಅಭ್ಯಾಸ ಆಗಿತ್ತು. ಈ ಓಕೆ ಕೂಡ ಹುಟ್ಟಿದ್ದು ಆಡುಮಾತಾಗಿಯೇ. 1839ರ ಮಾರ್ಚ್ 23ರಂದು ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಆಲ್ ಕರೆಕ್ಟ್ ಅನ್ನೋದನ್ನು ಬೇಕಂತಲೇ ತಪ್ಪು ಸ್ಪೆಲಿಂಗ್‌ನಲ್ಲಿ ಬರೆದು, ಅದರ ಮೊದಲಕ್ಷರ ತೆಗೆದುಕೊಂಡು ಮಾಡಿದ ತಮಾಷೆ ಅದು. ಎಲ್ಲ ಸರಿ ಇದೆ ಅನ್ನುವ ಆ ಪದವನ್ನು ನಾನು ಏನೂ ತಿಳಿಯದಿದ್ದಾಗ ಜಾಸ್ತಿ ಬಳಸಿದ್ದೇನೆ.

ಈಗ ಆ ಬೆಳಗ್ಗೆಗೆ ಬರುತ್ತೇನೆ.

ಅಜ್ಜಿ ಹೋಗಲಿಲ್ಲ. ಮೇಜಿನ ಹತ್ತಿರವೇ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಹೀ'ಸ್ ಕಮ್ ಓವರ್ ಆಲ್ ಫನ್ನಿ" ಅಂದರು. ಮತ್ತೆ ಫನ್ನಿ. ನಾನು ಮತ್ತೆ ನಕ್ಕೆ. ಫೋನ್ ಬಂತು, ಎತ್ತಿಕೊಂಡೆ. ಏರ್‌ಪೋರ್ಟ್ ಟ್ಯಾಕ್ಸಿಯ ವಿಷಯ. ಮಾತು ಮುಗಿಸಿ ಇಟ್ಟಾಗ ಅಜ್ಜಿ, "ಹೀ'ಸ್ ರಿಯಲಿ ಕ್ವೈಟ್ ಪೂರ್ಲಿ" ಅಂದರು. ಪೂರ್ ಅಂದ್ರೆ ಬಡವ. ದುಡ್ಡಿನ ತೊಂದರೆಯೇನೋ, ಬಿಲ್ಲಿನ ಬಗ್ಗೆ ಕೇಳುತ್ತಿದ್ದಾರೇನೋ ಅಂದುಕೊಂಡು ರಿಜಿಸ್ಟರ್ ಅವರ ಕಡೆ ತಿರುಗಿಸಿದೆ.

ಆಗ ಅವರ ಕಾಲು ಕಂಡಿತು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ದಿನಾ ಬೆಳಗ್ಗೆ ಲಿಪ್‌ಸ್ಟಿಕ್ ಹಾಕಿಕೊಂಡೇ ಕೆಳಗೆ ಬರುತ್ತಿದ್ದ ಹೆಂಗಸು. ಪೆನ್ನು ಅಲ್ಲೇ ಬಿಟ್ಟು ಮೇಲೆ ಓಡಿದೆ.

ಅಜ್ಜ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಬಾಯಿಯ ಒಂದು ಕಡೆ ಕೆಳಗೆ ಜಾರಿತ್ತು. ನನ್ನನ್ನು ನೋಡಿ ಏನೋ ಹೇಳೋಕೆ ಹೋದರು, ಮಾತು ಕಲಸಿಹೋಯಿತು. ಚಹಾದ ಕಪ್ಪು ನೆಲದ ಮೇಲೆ ಬಿದ್ದಿತ್ತು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು. ಆಂಟಿಯನ್ನು ಕೂಗಿದೆ. ಅವರ ಮಗ ಕಾರು ತೆಗೆದ. ನಾನೂ ಹಿಂದಿನ ಸೀಟಿನಲ್ಲಿ ಅಜ್ಜನನ್ನು ಒರಗಿಸಿಕೊಂಡು ಕೂತು ಮಡಗಾಂವಿನ ಆಸ್ಪತ್ರೆಗೆ ಹೋದೆ.

ಪಾರ್ಶ್ವವಾಯು ಹೊಡೆದಿತ್ತು. ರಕ್ತ ಹೆಪ್ಪುಗಟ್ಟಿ ಆದದ್ದು. ಬೇಗ ಬಂದಿದ್ದೀರಿ, ಒಳ್ಳೇದಾಯಿತು ಅಂದರು ಡಾಕ್ಟರು. ಹೆಪ್ಪು ಕರಗಿಸುವ ಔಷಧವನ್ನು ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಅದರಲ್ಲೂ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೇದು ಅಂತ ತಿಳಿಸಿದರು. ಒಂದೊಂದು ನಿಮಿಷಕ್ಕೂ ಬೆಲೆ ಇದೆ ಅಂದರು. ನಾನು ಗೋಡೆಗೆ ಒರಗಿ ನಿಂತು ಲೆಕ್ಕ ಹಾಕುತ್ತಿದ್ದೆ. ಎರಡು ಸಲ ನಕ್ಕಿದ್ದು, ಒಂದು ಫೋನು, ಒಂದು ರಿಜಿಸ್ಟರು. ಹತ್ತು ನಿಮಿಷ. ಇವತ್ತಿಗೂ ಆ ಹತ್ತು ನಿಮಿಷ ನನ್ನ ಲೆಕ್ಕದಲ್ಲೇ ಇದೆ.

ಅಜ್ಜ ಉಳಿದರು. ಬಲಗೈ ಸ್ವಲ್ಪ ನಿಧಾನ ಆಯಿತು, ಮಾತು ವಾಪಸ್ ಬಂತು. ಊರಿಗೆ ಹೊರಡುವ ಮುಂಚೆ ಅಜ್ಜಿಯ ಎದುರು ಕೂತು ನಾನು ನಕ್ಕಿದ್ದು ಯಾಕೆ ಅಂತ ಹೇಳಿದೆ. ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಒಂದು ವಿಷಯ ಹೇಳಿಕೊಟ್ಟರು. ಫನ್ನಿ ಅನ್ನೋದಕ್ಕೆ ಅವರಲ್ಲೂ ಎರಡು ಅರ್ಥ ಇದೆಯಂತೆ. ಒಬ್ಬರು ಫನ್ನಿ ಅಂದಾಗ ಇನ್ನೊಬ್ಬರು "ಫನ್ನಿ ಹಾ ಹಾ ಆರ್ ಫನ್ನಿ ಪಿಕ್ಯೂಲಿಯರ್?" ಅಂತ ಕೇಳೋದುಂಟಂತೆ. ನಗು ಬರಿಸೋ ಫನ್ನಿಯಾ, ವಿಚಿತ್ರ ಅನ್ನೋ ಫನ್ನಿಯಾ ಅಂತ. "ವಿ ಹ್ಯಾವ್ ಟು ಆಸ್ಕ್ ಟೂ, ಲವ್" ಅಂದರು. ಅವರೇ ಕೇಳುತ್ತಾರೆ ಅಂದ ಮೇಲೆ ನನಗೆ ಕೇಳೋಕೆ ಏನು ನಾಚಿಕೆ?

ಫನ್ನಿ ಟರ್ನ್ ಅಂದ್ರೆ ಇದ್ದಕ್ಕಿದ್ದಂತೆ ತಲೆ ತಿರುಗಿ, ಕಣ್ಣು ಕತ್ತಲೆಯಾಗಿ, ಮೈ ಹಿಡಿತ ತಪ್ಪೋದು. ಪೂರ್ಲಿ ಅಂದ್ರೆ ಹುಷಾರಿಲ್ಲ ಅಂತ. ಅದರ ಮುಂದೆ "ಎ ಬಿಟ್" ಸೇರಿಸಿದರೆ ಸ್ವಲ್ಪ ಅಂತ ಅರ್ಥ ಅಲ್ಲವೇ ಅಲ್ಲ. ಆ ತಲೆಮಾರಿನ ಇಂಗ್ಲೆಂಡಿನವರು ಎಷ್ಟು ದೊಡ್ಡ ಕಷ್ಟವನ್ನೂ ಎ ಬಿಟ್ ಅಂತಲೇ ಹೇಳುತ್ತಾರೆ. ನಾನೊಬ್ಬಳೇ ಇದಕ್ಕೆ ಮೋಸ ಹೋದವಳಲ್ಲ ಅಂತ ಆಮೇಲೆ ಓದಿ ತಿಳಿಯಿತು. 1951ರ ಏಪ್ರಿಲ್, ಕೊರಿಯಾ ಯುದ್ಧ. ಇಮ್ಜಿನ್ ನದಿಯ ಹತ್ತಿರ ಬ್ರಿಟಿಷರ ಗ್ಲಾಸ್ಟರ್ ಪಡೆಯನ್ನು ಚೀನೀ ಸೈನ್ಯ ಸುತ್ತಿಕೊಂಡಿತ್ತು. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ತಮ್ಮ ಮೇಲಿನ ಅಮೆರಿಕನ್ ಜನರಲ್‌ಗೆ ಪರಿಸ್ಥಿತಿ "ಎ ಬಿಟ್ ಸ್ಟಿಕಿ" ಅಂತ ತಿಳಿಸಿದರು. ಸ್ವಲ್ಪ ಅಂಟಂಟು. ಬ್ರಿಟಿಷರಲ್ಲಿ ಅದರ ಅರ್ಥ ಸಾಯೋ ಪರಿಸ್ಥಿತಿ ಅಂತ. ಅಮೆರಿಕದವರು ಕಷ್ಟ ಇದೆ, ಆದರೆ ತಡೆದುಕೊಂಡಿದ್ದಾರೆ ಅಂದುಕೊಂಡರು. ಸಹಾಯ ಸಮಯಕ್ಕೆ ಬರಲಿಲ್ಲ, ಹಿಂದೆ ಸರಿಯುವ ಆಜ್ಞೆಯೂ ಸಮಯಕ್ಕೆ ಬರಲಿಲ್ಲ. 500ಕ್ಕೂ ಹೆಚ್ಚು ಸೈನಿಕರು ಸೆರೆ ಸಿಕ್ಕರು. ಇಬ್ಬರ ಮಾತೃಭಾಷೆಯೂ ಇಂಗ್ಲಿಷೇ, ನೆನಪಿರಲಿ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಹೊರಗೆ ಬಂದು ಬಹಳ ಹೊತ್ತು ಕೂತಿದ್ದೆ.

ಆದರೆ ನನಗೆ ಫನ್ನಿ ಅನ್ನೋದು ಪೂರ್ತಿ ಅರ್ಥ ಆಗಿದ್ದು ಪುಸ್ತಕದಿಂದ ಅಲ್ಲ, ಅವ್ವನಿಂದ. ಅದೇ ವರ್ಷ ಯುಗಾದಿಯ ಹೊತ್ತಿಗೆ ಅವ್ವ ಫೋನ್ ಮಾಡಿ, "ಯಾಕೋ ಒಂಥರಾ ಆಗಾಕತ್ತೈತಿ" ಅಂದರು. ನಾನು ಮುಂದಿನ ಬಸ್ಸಿಗೇ ಹೊರಟೆ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಒಂಥರಾ. ಒಂದು ಥರ. ಅದರಲ್ಲಿ ನೋವು ಅನ್ನೋ ಪದ ಇಲ್ಲ, ಜ್ವರ ಅನ್ನೋ ಪದ ಇಲ್ಲ, ಏನೂ ಇಲ್ಲ. ಪುಸ್ತಕ ಓದಿ ಕನ್ನಡ ಕಲಿತವರು ಯಾವ ಥರ ಅಂತ ಕಾಯುತ್ತಾ ಕೂರುತ್ತಾರೆ. ನನಗೆ ಅವ್ವನ ದನಿ ಕೇಳಿದ ಕೂಡಲೇ ಬಿಪಿ ಜಾಸ್ತಿ ಆಗಿದೆ ಅಂತ ಗೊತ್ತಾಯಿತು. ಇಂಗ್ಲಿಷ್ ಅಜ್ಜಿ ಫನ್ನಿ ಅಂದಿದ್ದು ನಮ್ಮ ಅವ್ವನ ಒಂಥರಾನೇ. ಅದನ್ನು ಯಾರಾದರೂ ನನಗೆ ಮೊದಲೇ ಹಾಗೆ ಹೇಳಿಕೊಟ್ಟಿದ್ದರೆ!

ಅವತ್ತಿನಿಂದ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಎರಡು ಗೆರೆಯ ಸಾದಾ ನೋಟ್‌ಬುಕ್. ಅದರಲ್ಲಿ ಗೊತ್ತಿಲ್ಲದ ಪದ ಬರೆಯೋದಿಲ್ಲ. ಅವು ಮೊಬೈಲಿನಲ್ಲಿ ಸಿಗುತ್ತವೆ. ನ್ಯಾಕರ್ಡ್ ಅಂದ್ರೆ ಸುಸ್ತು, ಪೆಕಿಶ್ ಅಂದ್ರೆ ಸಣ್ಣ ಹಸಿವು, ಚಫ್ಡ್ ಅಂದ್ರೆ ಖುಷಿ. ಕೇಳಿದ ತಕ್ಷಣ ಇದು ನನಗೆ ಗೊತ್ತಿಲ್ಲ ಅಂತ ಗೊತ್ತಾಗುತ್ತದೆ, ಕೇಳುತ್ತೇವೆ, ಮುಗಿಯಿತು. ಹುಡುಗರ ರಿಜ್ ಅನ್ನೋ ಪದ 2023ರಲ್ಲಿ ಆಕ್ಸ್‌ಫರ್ಡಿನವರ ವರ್ಷದ ಪದ ಆಯಿತು. ಕರಿಸ್ಮಾ ಅನ್ನೋದರ ನಡುವಿನ ತುಂಡು ಅದು. ಅದರಿಂದ ಯಾರಿಗೂ ಅಪಾಯ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇರೋದು ನಾಲ್ಕನೇ ಕ್ಲಾಸಿನ ಪದಗಳು. ಐ'ಮ್ ಗುಡ್ ಅಂದ್ರೆ ಬೇಡ. ಐ'ಮ್ ಈಸಿ ಅಂದ್ರೆ ಯಾವುದಾದರೂ ಸರಿ. ಐ'ಮ್ ಸ್ಟಫ್ಡ್ ಅಂದ್ರೆ ಹೊಟ್ಟೆ ತುಂಬಿದೆ. ಪಕ್ಕದಲ್ಲಿ ನಮ್ಮದನ್ನೂ ಬರೆಯುತ್ತೇನೆ. ಟೋಪಿ ಹಾಕಿದ, ಕೈ ಕೊಟ್ಟ, ತಲೆ ತಿಂದ. ಯೋಚನೆ ಮಾಡಿ, ಕೈ ಕೊಟ್ಟವನು ನಮ್ಮಲ್ಲಿ ಮೋಸಗಾರ.

ಒಂದು ಸಲ ಎಚ್ಚರ ಜಾಸ್ತಿಯೇ ಆಯಿತು. ಡಾಲ್ಫಿನ್ ನೋಡಿಕೊಂಡು ದೋಣಿಯಿಂದ ಬಂದ ಹುಡುಗನೊಬ್ಬ "ಸಿಕ್, ದಟ್ ವಾಸ್ ಸಿಕ್" ಅಂದ. ನಾನು 108ಕ್ಕೆ ಫೋನ್ ಮಾಡಲಾ ಅಂತ ಕೇಳಿದೆ. ಅವನು ನಿಂತು, ಸಿಕ್ ಅಂದ್ರೆ ಸೂಪರ್ ಅಂತ ತಾಳ್ಮೆಯಿಂದ ತಿಳಿಸಿದ. ಅದನ್ನೂ ಬರೆದುಕೊಂಡೆ. ಹೀಗೆ ನೂರು ಸಲ ಕೇಳೋಕೂ ನಾನು ತಯಾರು.

ಅಜ್ಜ ಅಜ್ಜಿ ಮತ್ತೆ ಬರಲಿಲ್ಲ. ಅಷ್ಟು ದೂರದ ವಿಮಾನ ಬೇಡ ಅಂದರಂತೆ ಅಲ್ಲಿಯ ಡಾಕ್ಟರು. ಕ್ರಿಸ್‌ಮಸ್‌ಗೆ ಕಾರ್ಡು ಕಳಿಸುತ್ತಿದ್ದರು. ಮೊದಲ ಕಾರ್ಡಿನಲ್ಲಿ "ಹೀ'ಸ್ ರೈಟ್ ಆಸ್ ರೇನ್" ಅಂತ ಇತ್ತು. ರೈಟ್ ಗೊತ್ತು, ರೇನ್ ಗೊತ್ತು. ಗೋವಾದ ಮಳೆ ನೋಡಿದವರಿಗೆ ಮಳೆಯ ಹಾಗೆ ಅಂದ್ರೆ ಎದೆ ಧಸಕ್ ಅನ್ನುತ್ತದೆ. ಅದೇ ದಿನ ಪತ್ರ ಬರೆದು ಕೇಳಿದೆ. ಪೂರ್ತಿ ಹುಷಾರಾಗಿದ್ದಾರೆ ಅಂತ ಉತ್ತರ ಬಂತು.

ಈ ಸೀಸನ್‌ಗೆ ರಿಸೆಪ್ಶನ್‌ನಲ್ಲಿ ಹೊಸ ಹುಡುಗಿ ಸೇರಿದ್ದಾಳೆ, ಲಕ್ಷ್ಮೇಶ್ವರದವಳು. ಮೊದಲ ದಿನವೇ ಅವಳಿಗೆ ಹೇಳಿದ್ದೆ, ಗೊತ್ತಿರೋ ಪದ ಬಂದು ಮಾತು ಮಾತ್ರ ಕೂಡಿಬರಲಿಲ್ಲ ಅಂದ್ರೆ ನಗಬೇಡ, ಓಕೆ ಅನ್ನಬೇಡ, ನನ್ನ ಹತ್ತಿರ ಬಾ ಅಂತ. ಮೊನ್ನೆ ಮಧ್ಯಾಹ್ನ ಓಡಿ ಬಂದಳು. ಮುಖ ಬೆಳ್ಳಗಾಗಿತ್ತು.

"ಅಕ್ಕಾರ, ಮೂರನೇ ನಂಬರ್ ರೂಮಿನ ಅಮ್ಮಾರು ಮರ್ಡರ್ ಮಾಡ್ತೀನಿ ಅನ್ನಾಕತ್ತಾರ್ರಿ."

"ಯಾರನ್ನ?"

"ಚಾ ರೀ. ಐ ಕುಡ್ ಮರ್ಡರ್ ಎ ಕಪ್ ಆಫ್ ಟೀ ಅಂದ್ರು. ಟೀ ಅಂದ್ರ ಊಟ ಅಂತ ನೀವ ಹೇಳಿದ್ರಿ. ಯಾವುದ್ರಿ ಇದು?"

"ಕಪ್ ಅಂದಾರಲ್ಲ, ಹಂಗಾರ ಚಾನ. ಕುಡೀಬೇಕು ಅಂತ ಜೀವ ಬಿಡಾಕತ್ತಾರ. ಲಗೂನ ತಗೊಂಡು ಹೋಗು. ಹಾಲು ಬ್ಯಾರೆ, ಸಕ್ರಿ ಬ್ಯಾರೆ ಇಡು."

ಅವಳು ಅಡುಗೆಮನೆ ಕಡೆ ಓಡಿದಳು. ನಾನು ನೋಟ್‌ಬುಕ್ ತೆಗೆದು ಮರ್ಡರ್ ಅಂತ ಬರೆದುಕೊಂಡೆ.